ಕೆಟ್ಟದ್ದೇನಲ್ಲ

ಜನವರಿ 8, ಬುಧವಾರ, ಬೆಳಗ್ಗೆ

ಇವತ್ತೂ ಏನಿಲ್ಲ. ಕಾಫಿ ಎರಡು ಲೋಟ, ರೈ ಬ್ರೆಡ್ ಒಂದು ಚೂರು. ಲ್ಯಾಪ್‌ಟಾಪ್ ತೆರೆದೆ. ಇನ್‌ಬಾಕ್ಸ್ ಖಾಲಿ. ನಿನ್ನೆಯ ಹಾಗೇ, ಮೊನ್ನೆಯ ಹಾಗೇ. ಬರೆಯುವವರನ್ನೂ ಬರೆಸುವವರನ್ನೂ ಗಂಟು ಹಾಕುವ ಸೈಟ್ ಅಂತೆ. ನನ್ನನ್ನು ಯಾರಿಗೂ ಗಂಟು ಹಾಕುತ್ತಿಲ್ಲ. ಅಲ್ಲೊಬ್ಬಳು ಹುಡುಗಿ ಇದ್ದಾಳೆ, ‘ಪದಗಳೇ ನನ್ನ ಉಸಿರು’ ಎಂದು ಬರೆದುಕೊಂಡಿದ್ದಾಳೆ. ಅದರ ಮುಂದಿನ ವಾಕ್ಯದಲ್ಲೇ ಮೂರು ತಪ್ಪು. ಅವಳಿಗೆ ಆರ್ಡರ್ ಮೇಲೆ ಆರ್ಡರ್.

ನಗರಸಭೆಯಲ್ಲಿ ಮೂವತ್ತು ವರ್ಷ ಬರೆದವಳು ನಾನು. ಅರ್ಜಿ ತಿರಸ್ಕಾರದ ಪತ್ರಗಳು. ಗಾಲಿಕುರ್ಚಿ ಕೇಳಿದವರಿಗೆ ಇಲ್ಲ, ಕಾರ್ ಶೆಡ್ ಕಟ್ಟುತ್ತೇವೆ ಎಂದವರಿಗೆ ಇಲ್ಲ, ಮರ ಕಡಿಯಲು ಹೊರಟವರಿಗೆ ಇಲ್ಲ. ಒಂದೇ ಒಂದು ಅಲ್ಪವಿರಾಮ ತಪ್ಪಿಲ್ಲ. ಕಳೆದ ಶರತ್ಕಾಲದಲ್ಲಿ ಆ ಕೆಲಸವನ್ನು ಕಂಪ್ಯೂಟರ್‌ಗೆ ಕೊಟ್ಟರು, ನನಗೆ ಹೂಗುಚ್ಛ ಕೊಟ್ಟರು. ಹೂವು ಅಗ್ಗದ್ದು.

ಕ್ರಿಸ್ಮಸ್‌ಗೆ ಬಂದಿದ್ದಾಗ ಮಾರೆನ್‌ಗೆ ಹೇಳಿದೆ, ಇನ್ನು ಆನ್‌ಲೈನ್‌ನಲ್ಲಿ ಬರೆದು ಸಂಪಾದಿಸುತ್ತೇನೆ ಅಂತ. ಮಗಳು ಫೋನಿನಿಂದ ತಲೆ ಎತ್ತಲಿಲ್ಲ.

“ಅಮ್ಮಾ, ನೀನು ಬರೆದಿದ್ದಕ್ಕೆ ದುಡ್ಡು ಯಾರು ಕೊಡ್ತಾರೆ? ಇಲ್ಲೀವರ್ಗೂ ಓದಿದೋರೆಲ್ಲಾ ಅತ್ತಿದಾರಷ್ಟೆ.”

ಮಾತು ಚೆನ್ನಾಗಿತ್ತು. ಅದೇ ಹೊಟ್ಟೆ ಉರಿಸಿದ್ದು.

ಜನವರಿ 14

ಕೆಳಗಿನ ಮನೆಯ ಐನರ್ ಬಂದಿದ್ದ. ಹೆಂಡತಿ ಸತ್ತ ಮೇಲೆ ಅಕಾರ್ಡಿಯನ್ನೇ ಅವನ ಸಂಸಾರ. ಸುತ್ತಮುತ್ತಲಿನ ಔತಣಗಳಿಗೆಲ್ಲ ಅವನೇ ಬಾರಿಸುವುದು. ನನ್ನ ಪ್ರೊಫೈಲ್ ತೋರಿಸಿದೆ. ಕೊನೆಯ ಸಾಲು: ‘ನನ್ನ ಬರವಣಿಗೆ ಕೆಟ್ಟದ್ದೇನಲ್ಲ.’

“ಸರಿಯಾಗಿದೆ. ಒಂಚೂರು ಜಂಬ ಜಾಸ್ತಿಯಾಯ್ತೇನೋ,” ಅಂದ.

ನನಗೂ ಹಾಗೇ ಅನ್ನಿಸಿತ್ತು. ಡೆನ್ಮಾರ್ಕಿನ ನಮ್ಮ ಈ ಪಶ್ಚಿಮದ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಾರೆನ್ ಹುಟ್ಟಿದಾಗ ಅವಳಪ್ಪ ತೊಟ್ಟಿಲೊಳಗೆ ಬಗ್ಗಿ ನೋಡಿ ‘ಕೆಟ್ಟದ್ದೇನಲ್ಲ’ ಎಂದು, ಹೊರಗೆ ಹೋಗಿ ಸೈಕಲ್ ಶೆಡ್ಡಿನ ಹಿಂದೆ ನಿಂತು ಅತ್ತಿದ್ದರು.

ಜನವರಿ 16

ಮೊದಲ ಮೆಸೇಜ್! ಕೋಪನ್‌ಹೇಗನ್‌ನವನು. ಇಡೀ ಇಲ್ಲಿ ನಕಲು ಮಾಡುತ್ತೇನೆ, ಮರೆಯಬಾರದು:

‘ನಿಮ್ಮ ಪ್ರಾಮಾಣಿಕತೆಯನ್ನು ಮೆಚ್ಚಿದೆ. ಆದರೆ ನಮಗೆ ಚೆನ್ನಾಗಿ ಬರೆಯುವವರು ಬೇಕಾಗಿದ್ದಾರೆ.’

ಐನರ್‌ಗೆ ಓದಿ ಹೇಳಿದೆ. ನಕ್ಕು ನಕ್ಕು ಕೆಮ್ಮು ಬಂತು. “ಸಮುದ್ರದ ಸೇತುವೆ ದಾಟಿ ಕೋಪನ್‌ಹೇಗನ್ ಕಡೆ ಹೋದ್ರೆ ಆ ಮಾತಿಗೆ ಬೇರೆ ಅರ್ಥ ಕಣಮ್ಮ. ಅಲ್ಲಿ ಕೆಟ್ಟದ್ದಲ್ಲ ಅಂದ್ರೆ ಕೆಟ್ಟದ್ದು ಅಂತ.”

ಮುಟ್ಠಾಳರು. ಆದರೆ ದುಡ್ಡಿರುವುದು ಅವರ ಹತ್ತಿರ.

ಜನವರಿ 17

ಸೈಟ್‌ನಿಂದ ಬೋಡಿಲ್ ಎಂಬ ನನ್ನ ಹೆಸರನ್ನು ಅಳಿಸಿದೆ. ಇನ್ನು ಮೇಲೆ ನಾನು ಓಲುಫ್ ಬ್ರಾಂಟ್. ಐನರ್‌ನ ಸತ್ತ ಭಾವಮೈದುನನ ಫೋಟೊ ಹಾಕಿದೆ. ಟೋಪಿ, ಬಾಯಲ್ಲಿ ಪೈಪು, ಪುಸ್ತಕ ಬರೆದವನ ಮುಖ. ಅವನು ಹಂದಿ ಸಾಕುತ್ತಿದ್ದನಂತೆ. ಕೆಳಗೆ ಬರೆದೆ: ‘ಡೆನ್ಮಾರ್ಕಿನ ಅತಿ ಹರಿತ ಲೇಖನಿ.’ ಬರೆಯುವಾಗ ಎರಡು ಸಲ ಅಳಿಸಿದೆ. ಬರೆದಾದ ಮೇಲೆ ಒಂದು ಥರ ಹಿತವಾಗಿತ್ತು.

ಜನವರಿ 29

ಓಲುಫ್‌ಗೆ ಕೆಲಸ ಬರುತ್ತಿದೆ. ನಾಯಿಯ ಕೊರಳಪಟ್ಟಿಯ ಬಗ್ಗೆ ನೂರು ಪದ. ಛಾವಣಿಯ ಮೋರಿ ಸ್ವಚ್ಛಗೊಳಿಸುವ ಬಗ್ಗೆ ‘ಭಾವನಾತ್ಮಕವಾಗಿ’ ಇನ್ನೂರು. ನಿನ್ನೆ ಒಂದು ಹಾಡು.

ನಮ್ಮಲ್ಲಿ ಹಾಡಿಲ್ಲದೆ ಯಾರಿಗೂ ವಯಸ್ಸಾಗುವುದಿಲ್ಲವಲ್ಲ. ಎಲ್ಲರಿಗೂ ಗೊತ್ತಿರುವ ಧಾಟಿ, ಮಾತು ಮಾತ್ರ ಹೊಸದು. ಮೊದಲೆಲ್ಲ ಮನೆಯವರೇ ಕಟ್ಟುತ್ತಿದ್ದರು, ಈಗ ಪುರುಸೊತ್ತಿಲ್ಲ, ಬಾಡಿಗೆಗೆ ಕಟ್ಟಿಸುತ್ತಾರೆ. ಹಾಳೆಗಳನ್ನು ತಟ್ಟೆಯ ಪಕ್ಕ ಇಟ್ಟಿರುತ್ತಾರೆ, ನೆಂಟರೆಲ್ಲ ಒಟ್ಟಿಗೆ ಹಾಡುತ್ತಾರೆ, ಯಾರ ಮೇಲೆ ಹಾಡೋ ಅವರು ನಗುತ್ತ ಕೂರಬೇಕು. ಸಿಟ್ಟಾದರೆ ಅವರ ಮಾನವೇ ಹೋಗುತ್ತದೆ. ಚರಣ ಚರಣಕ್ಕೂ ಉಪ್ಪು ಖಾರ, ಕೊನೆಯ ಚರಣಕ್ಕೆ ಸಕ್ಕರೆ. ಆಮೇಲೆ ಲೋಟ ಎತ್ತಿ ಹುರ್ರಾ. ಕೊನೆಯ ಚರಣ ಬಿಟ್ಟರೆ ಅದು ಹಾಡಲ್ಲ, ಕಪಾಳಮೋಕ್ಷ.

ಇದು ಹದಿನಾಲ್ಕರ ಹುಡುಗನಿಗೆ ಚರ್ಚಿನಲ್ಲಿ ಕೊಡುವ ಧರ್ಮದೀಕ್ಷೆಗೆ. ಅವನ ಮೊಡವೆ, ಅವನ ವಾಸನೆಯ ಬೂಟು, ಫುಟ್‌ಬಾಲಿನಲ್ಲಿ ತಮ್ಮದೇ ಗೋಲಿಗೆ ಹೊಡೆದದ್ದು. ಒಂದು ಗಂಟೆಯಲ್ಲಿ ಮುಗಿಸಿದೆ. ಐನರ್ ಬಾರಿಸಿ ನೋಡಿದ, ಎಲ್ಲೂ ಎಡವಲಿಲ್ಲ.

“ಬೋಡಿಲ್, ನಿಂದು ನಾಲಿಗೆ ಅಲ್ಲ, ಕತ್ರಿ.”

“ಬಾಯ್ಮುಚ್ಕೊಂಡು ಇನ್ನೊಂದು ಸಲ ಬಾರ್ಸು.”

ಫೆಬ್ರವರಿ 20

ಬಿಡುವಿಲ್ಲ. ಎಲ್ಲಾ ಹಾಡುಗಳೇ. ‘ಸ್ವಲ್ಪ ಚುರುಕು ಇರಲಿ’ ಎಂದು ಎಲ್ಲರೂ ಕೇಳುತ್ತಾರೆ. ಚುರುಕು ಅಂದರೆ ಚುಚ್ಚು ಅಂತ. ತಮಗೆ ಹೇಳಲು ಧೈರ್ಯವಿಲ್ಲದ್ದನ್ನು ಅರವತ್ತು ಜನರ ಬಾಯಲ್ಲಿ, ಅಕಾರ್ಡಿಯನ್ ಜೊತೆ ಹೇಳಿಸಬೇಕು ಇವರಿಗೆ. ಅಪರಿಚಿತನೊಬ್ಬನಿಗೆ ಜನ ಏನೆಲ್ಲ ಹೇಳಿಬಿಡುತ್ತಾರೆ! ಗಂಡನ ಕೂದಲು ನೆಡಿಸಿದ್ದು, ಅತ್ತಿಗೆಯ ಮೂರನೆಯ ನಿಶ್ಚಿತಾರ್ಥ, ಮಾವ ಚರ್ಚಿನಲ್ಲಿ ಗೊರಕೆ ಹೊಡೆದದ್ದು.

ನಿನ್ನೆಯ ಅಭಿಪ್ರಾಯ: ‘ಹಲ್ಲಿನ ಡಾಕ್ಟರು ಎರಡನೆಯ ಚರಣಕ್ಕೇ ಊಟ ಬಿಟ್ಟು ಎದ್ದು ಹೋದರು. ಅದ್ಭುತ! ಐದು ಸ್ಟಾರ್.’

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎರಡನೆಯ ಚರಣ ನಿಜವಾಗಿ ಚೆನ್ನಾಗಿತ್ತು.

ಮಾರ್ಚ್ 21

ಹೊಸ ಗ್ರಾಹಕರು. ಕೋಪನ್‌ಹೇಗನ್‌ನ ಯಾವುದೋ ‘ಸ್ಟುಡಿಯೊ ನೋರ್’. ಹೆಸರಿಲ್ಲ, ಕಚೇರಿಯ ಖಾತೆ. ‘ಪರಿಚಯದ ಹೆಂಗಸೊಬ್ಬರಿಗೆ ಅರವತ್ತಾಗುತ್ತದೆ. ನಿಮ್ಮ ನಾಲಿಗೆಯ ಬಗ್ಗೆ ಓದಿದೆ. ಕರುಣೆ ಬೇಡ. ಅವರ ಹೆಸರು ನಾನೇ ತುಂಬುತ್ತೇನೆ, ಎರಡು ತಾಳದಷ್ಟು ಜಾಗ ಬಿಡಿ.’

ಈ ಮೇ ತಿಂಗಳಿಗೆ ನನಗೂ ಅರವತ್ತು. ಮಾರೆನ್ ಆ ಮಾತೇ ಎತ್ತಿಲ್ಲ.

ಹೆಂಗಸಿನ ಗುಣಗಳು: ಯಾರು ಉಡುಗೊರೆ ಕೊಟ್ಟರೂ ಬದಲಾಯಿಸುವ ಚೀಟಿ ಎಲ್ಲಿ ಎಂದು ಕೇಳುತ್ತಾಳೆ. ಬಂದ ಕ್ರಿಸ್ಮಸ್ ಕಾರ್ಡುಗಳಲ್ಲಿ ಕಾಗುಣಿತ ತಿದ್ದಿ ವಾಪಸು ಕಳಿಸುತ್ತಾಳೆ. ಎರಡನೆಯದರಲ್ಲಿ ತಪ್ಪೇನಿದೆ? ನಾನೂ ಕಳಿಸುತ್ತೇನೆ. ತಪ್ಪು ತಪ್ಪೇ. ಆದರೆ ಮೊದಲನೆಯದು ಸಿಕ್ಕಿತು. ಐನರ್‌ನ ಅತ್ತಿಗೆಯನ್ನು ಕಣ್ಮುಂದೆ ಇಟ್ಟುಕೊಂಡು ಬರೆದೆ:

ಉಡುಗೊರೆ ಕೊಟ್ಟರೆ …… ಕೇಳುವಳು ಮೊದಲು ಚೀಟಿ,
ಮರುದಿನ ಅಂಗಡಿ ಬಾಗಿಲ ಬಳಿಗೆ ಅವಳದೇ ಮೊದಲ ಭೇಟಿ.

ಗ್ರಾಹಕಿಗೆ ಹಿಡಿಸಿತು. ‘ಇನ್ನೂ’ ಎಂದು ಒಂದೇ ಪದ ಬರೆದಳು. ಹೆಂಗಸೇ ಇರಬೇಕು. ಇಷ್ಟು ಅಚ್ಚುಕಟ್ಟಾಗಿ ಗಂಡಸರು ದ್ವೇಷಿಸುವುದಿಲ್ಲ.

ಮಾರ್ಚ್ 25, ಮಧ್ಯಾಹ್ನ

ಸ್ಟುಡಿಯೊ ನೋರ್‌ನಿಂದ ಮತ್ತೆ. ಮೆಣಸಿನ ಮೇಲೆ ಒಂದು ಚರಣ ಬೇಕಂತೆ. ಇಪ್ಪತ್ತೈದಕ್ಕೆ ಮದುವೆಯಾಗದವರ ತಲೆಗೆ ದಾಲ್ಚಿನ್ನಿ ಪುಡಿ ಸುರಿಯುವುದು, ಮೂವತ್ತಕ್ಕೂ ಆಗದಿದ್ದರೆ ಮೆಣಸು. ಎಲ್ಲರ ಮನೆಯಲ್ಲೂ ಮಾಡುವುದೇ. ಈ ಹೆಂಗಸು ತನ್ನ ಮಗಳ ಮೂವತ್ತಕ್ಕೆ ಮೆಣಸು ಬೀಸುವ ಗಿರಣಿಯನ್ನು ಅಂಚೆಯಲ್ಲಿ ಕಳಿಸಿದಳಂತೆ. ಜೊತೆಗೊಂದು ಸಾಲು: ‘ಬೇಗ ಉಪಯೋಗಿಸು. ಎರಡಕ್ಕೂ ಅವಧಿ ಮುಗಿಯುತ್ತದೆ.’

ಸಾಲು ಓದಿ ನಗು ಬಂತು. ಎಷ್ಟು ಬಿಗಿಯಾಗಿದೆ, ‘ಎರಡಕ್ಕೂ’ ಎಂಬಲ್ಲಿ ಹೇಗೆ ತಿರುಗುತ್ತದೆ ಎಂದುಕೊಂಡೆ. ಯಾರು ಬರೆದಿರಬಹುದು ಎಂದುಕೊಂಡೆ.

ಆಮೇಲೆ ಕಾಫಿ ಲೋಟ ಕೆಳಗಿಟ್ಟೆ.

ನಾನೇ ಬರೆದದ್ದು.

ಸಾಯಂಕಾಲ

ಮಗಳ ದನಿ ಗುರುತು ಸಿಗಲಿಲ್ಲ, ನನ್ನ ವಾಕ್ಯದ ಗುರುತು ಸಿಕ್ಕಿತು. ಎಂಥ ತಾಯಿ, ಎಂದು ಯಾರಾದರೂ ಕೇಳಬಹುದು. ಬರಹಗಾರ್ತಿ, ಎನ್ನುತ್ತೇನೆ.

ಸ್ಟುಡಿಯೊ ನೋರ್ ಕೋಪನ್‌ಹೇಗನ್‌ನಲ್ಲಿ ಮಾರೆನ್ ಕೆಲಸ ಮಾಡುವ ಕಚೇರಿಯೇ ಇರಬೇಕು, ಹೆಸರು ನಾನು ಯಾವತ್ತೂ ಕೇಳಿರಲಿಲ್ಲ. ಅವಳಿಗೆ ಓಲುಫ್ ಯಾರೆಂದು ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಅವಳ ಪ್ರಕಾರ ನಾನು ಕ್ರಿಸ್ಮಸ್ ಮುಗಿದ ಮೇಲೆ ಆ ಹುಚ್ಚು ಬಿಟ್ಟಿದ್ದೇನೆ. ಈ ಆರ್ಡರ್ ಬೇಡ ಎಂದು ಒಂದು ಗುಂಡಿ ಒತ್ತಿದರೆ ಮುಗಿಯಿತು. ಬೆರಳು ಹೋಗಲಿಲ್ಲ. ಮಗಳು ಅಮ್ಮನ ಬಗ್ಗೆ ಅಮ್ಮನಿಲ್ಲದಾಗ ಏನು ಹೇಳುತ್ತಾಳೆ ಎಂದು ಕೇಳಿಸಿಕೊಳ್ಳುವ ಅವಕಾಶ ಯಾರಿಗೆ ಸಿಗುತ್ತದೆ?

ಮೆಣಸಿನ ಚರಣ ಬರೆದೆ. ಪ್ರಾಸ ಎಲ್ಲೂ ತಪ್ಪಲಿಲ್ಲ.

ಮೂವತ್ತಾಯಿತು ಮಗಳಿಗೆ, ಇನ್ನೂ ವರನ ಸುಳಿವೇ ಇಲ್ಲ,
ಅಮ್ಮನ ಕೈಯಿಂದ ಪಾರ್ಸೆಲ್ ಬಂತು: ಮೆಣಸು, ಸಿಹಿಯೇನಲ್ಲ.

ಏಪ್ರಿಲ್ 2

ಈಗ ಓಲುಫ್ ಕೇಳಲೇಬೇಕಾದ ಪ್ರಶ್ನೆ ಕೇಳಿದ. ಎಲ್ಲರಿಗೂ ಕೇಳುತ್ತಾನೆ, ಇದೇನು ವಿಶೇಷವಲ್ಲ: ‘ಕೊನೆಯ ಚರಣಕ್ಕೆ ಅವರ ಬಗ್ಗೆ ಒಂದು ಒಳ್ಳೆಯ ಸಂಗತಿ ಬೇಕು. ಒಂದೇ ಸಾಕು.’

ಉತ್ತರ ಬಂತು: ‘ನೀವೇ ಏನಾದರೂ ಹುಟ್ಟಿಸಿ. ಕಸುಬುದಾರರು ನೀವು.’

ಏಪ್ರಿಲ್ 3

ಬಿಡಲಿಲ್ಲ. ‘ಹುಟ್ಟಿಸಿದ್ದು ಹಾಡಿನಲ್ಲಿ ಗೊತ್ತಾಗಿಬಿಡುತ್ತದೆ. ಅವರ ಮಗಳನ್ನು ಕೇಳಿ ನೋಡಿ. ಚಿಕ್ಕಂದಿನದು ಏನಾದರೂ? ಕಾಯಿಲೆ ಬಿದ್ದಾಗ ಆರೈಕೆ ಮಾಡಿದ್ದು?’

ನೆನಪಾಗಲಿ ಎಂದೇ ಕೇಳಿದ್ದು. ಏಳು ವರ್ಷದವಳಿಗೆ ಸ್ಕಾರ್ಲೆಟ್ ಜ್ವರ. ವಾರಗಟ್ಟಲೆ ಹಾಸಿಗೆ. ನನಗೆ ಕತೆ ಹೇಳಲು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಪತ್ರ. ಮಂಚದ ಪಕ್ಕ ಕೂತು ನಗರಸಭೆಯ ದನಿಯಲ್ಲಿ ಓದುತ್ತಿದ್ದೆ: ‘ಮಾನ್ಯ ಡ್ರ್ಯಾಗನ್ ಅವರೆ, ಬೆಂಕಿ ಉಗುಳಲು ಅನುಮತಿ ಕೋರಿ ತಾವು ಸಲ್ಲಿಸಿದ ಅರ್ಜಿಯನ್ನು ಪರಿಶೀಲಿಸಲಾಗಿದೆ. ತಿರಸ್ಕೃತ.’ ಮಾಟಗಾತಿಗೆ ಪೊರಕೆ ನಿಲ್ಲಿಸುವ ಜಾಗ: ತಿರಸ್ಕೃತ. ದೈತ್ಯನಿಗೆ ಎರಡನೆಯ ಊಟ: ತಿರಸ್ಕೃತ. ಮಗು ನಕ್ಕು ನಕ್ಕು ಬಿಕ್ಕಳಿಸುತ್ತಿತ್ತು. ‘ಇನ್ನೊಂದು ಇಲ್ಲ, ಅಮ್ಮ, ಇನ್ನೊಂದು ಇಲ್ಲ!’ ಅನ್ನುತ್ತಿತ್ತು.

ಅದನ್ನು ಹೇಳುತ್ತಾಳೆ. ಖಂಡಿತ ಹೇಳುತ್ತಾಳೆ.

ಏಪ್ರಿಲ್ 5

‘ಕಾಯಿಲೆ ಬಿದ್ದಾಗ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ತಾಯಿ ಕಚೇರಿಯಲ್ಲಿರುತ್ತಿದ್ದರು, ಮೂವತ್ತು ವರ್ಷ ಜನರ ಅರ್ಜಿಗಳಿಗೆ ಇಲ್ಲ ಎಂದು ಬರೆಯುತ್ತ.’

ಅದೂ ಸುಳ್ಳಲ್ಲ. ಹಗಲು ಹಾಗೆಯೇ.

ಏಪ್ರಿಲ್ 11, ಬೆಳಗ್ಗೆ

ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಮೊನ್ನೆ ಓಲುಫ್ ಕೇಳಿದ್ದ: ‘ಇಷ್ಟು ಕೋಪ ಯಾಕೆ? ಗೊತ್ತಿದ್ದರೆ ಹಾಡಿಗೆ ಹದ ಹಿಡಿಯುತ್ತದೆ.’ ನಿನ್ನೆ ಉತ್ತರ. ಮಾರೆನ್ ಇಷ್ಟು ಉದ್ದ ನನಗೆ ಯಾವತ್ತೂ ಬರೆದಿಲ್ಲ.

‘ಆ ಮೆಣಸಿನ ಪಾರ್ಸೆಲ್ ಬಂದ ವಾರವೇ ಅವರ ಮಗಳಿಗೆ ಗರ್ಭ ಇಳಿದುಹೋಗಿತ್ತು. ನಾಲ್ಕು ತಿಂಗಳು. ಆಸ್ಪತ್ರೆಯಿಂದ ಬಂದಾಗ ಬಾಗಿಲಲ್ಲಿ ಪಾರ್ಸೆಲ್ ಇತ್ತು, ಅಮ್ಮನ ಕೈಬರಹ ನೋಡಿ ಅವಳಿಗೆ ಸಂತೋಷವಾಯಿತು, ಹೇಗೋ ಗೊತ್ತಾಗಿದೆ ಎಂದುಕೊಂಡಳು. ಬಿಚ್ಚಿದಳು. ತಾಯಿಗೆ ಇದು ಗೊತ್ತಿಲ್ಲ. ಹೇಳಲೂ ಇಲ್ಲ. ಹೇಳಿದ್ದರೆ ವಾಕ್ಯ ತಿದ್ದುತ್ತಿದ್ದರು. ಇದನ್ನು ಹಾಡಿಗೆ ಹಾಕಬೇಡಿ. ಮೆಣಸಿನ ಚರಣ ಮಾತ್ರ ಇರಲಿ. ಎಲ್ಲರೂ ನಗಲಿ.’

‘ಎರಡಕ್ಕೂ ಅವಧಿ ಮುಗಿಯುತ್ತದೆ.’ ನಾನು ಆ ಸಾಲಿಗೆ ಎರಡು ದಿನ ಯೋಚಿಸಿದ್ದೆ. ಅಂಚೆಗೆ ಹಾಕಿ ಬರುವಾಗ ನನ್ನಷ್ಟಕ್ಕೆ ನಾನೇ ನಕ್ಕಿದ್ದೆ.

ಇವತ್ತು ಆ ಸಾಲನ್ನು ತಿದ್ದಲು ಕೂತೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಏಪ್ರಿಲ್ 13, ಭಾನುವಾರ

ಮಾರೆನ್ ಫೋನ್ ಮಾಡಿದಳು. ಅಮ್ಮನಿಗೆ. ಓಲುಫ್‌ಗಲ್ಲ.

“ಅಮ್ಮಾ, ಮೇ ಹದಿನೇಳಕ್ಕೆ ಸಮುದಾಯ ಭವನ ಹಿಡ್ದಿದೀನಿ. ನಿನ್ನ ಅರವತ್ತಕ್ಕೆ. ನೆಂಟರಿಗೆಲ್ಲ ಹೇಳಾಗಿದೆ. ಐನರ್ ಬಾರಿಸ್ತಾರೆ.”

“ಯಾಕೆ ಇಷ್ಟೆಲ್ಲ…”

“ಮಾಡ್ಬೇಕಲ್ಲ. ಎಲ್ಲಾರೂ ಮಾಡ್ತಾರೆ. ಹಂದಿ ರೋಸ್ಟು, ಕಂದು ಗ್ರೇವಿ. ಸರಿ ತಾನೆ?”

ಈಗ ಹೇಳಬೇಕು ಎಂದುಕೊಂಡೆ. ಏನಾದರೂ. ಮಗು, ಹೇಗಿದ್ದೀಯ, ಅಂತ. ಬಾಯಿ ತೆರೆದೆ.

“ಅಲ್ಲಿ ಗ್ರೇವಿ ನೀರು ನೀರಾಗಿರುತ್ತೆ,” ಅಂದೆ.

“ಸರಿ, ಗಟ್ಟಿ ಮಾಡೋಕೆ ಹೇಳ್ತೀನಿ.”

“ಯಾರ ಜೊತೆ ಬರ್ತೀಯ?”

“ಒಬ್ಳೇ.”

“ಮತ್ತೆ ಒಬ್ಳೇನಾ?”

ನಿನ್ನೆ ಮೊನ್ನೆಯ ಅಭ್ಯಾಸವಲ್ಲ ಅದು, ಮೂವತ್ತು ವರ್ಷದ್ದು. ತಾನಾಗಿಯೇ ಬಂತು. ಆ ಕಡೆ ಉಸಿರು ಕೇಳಿಸಿತು. ಆಮೇಲೆ, “ಹೂಂ ಅಮ್ಮ, ಮತ್ತೆ ಒಬ್ಳೇ. ಗ್ರೇವಿ ಗಟ್ಟಿಯಾಗಿರುತ್ತೆ, ಯೋಚ್ನೆ ಮಾಡ್ಬೇಡ.”

ನನಗೆ ನಾನೇ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಹೊಡೆದುಕೊಳ್ಳಲಿಲ್ಲ. ಪಾತ್ರೆ ತೊಳೆದೆ.

ಏಪ್ರಿಲ್ 22

ಮೆಣಸಿನ ಚರಣ ತೆಗೆದು, ಅದರ ಜಾಗಕ್ಕೆ ನಗರಸಭೆಯದು ಹಾಕಿ ಕಳಿಸಿದೆ.

ಕಚೇರಿಯಲ್ಲಿ ಮೂವತ್ತು ವರ್ಷ ‘ಇಲ್ಲ’ ಎಂದೇ ಬರೆದಳು,
ಅಭ್ಯಾಸ ಬಿಡದೆ ಮನೆಗೆ ಬಂದೂ ಅದನ್ನೇ ಮುಂದುವರಿಸಿದಳು.

ಉತ್ತರ: ‘ಇದು ತುಂಬಾ ಚೆನ್ನಾಗಿದೆ. ಇದೂ ಇರಲಿ. ಮೆಣಸು ವಾಪಸು ಹಾಕಿ.’

ಹಾಕಿದೆ. ಗ್ರಾಹಕರು ಹೇಳಿದ ಮೇಲೆ ಮುಗಿಯಿತು.

ಮೇ 1

ಹುಟ್ಟಿಸಿಯೇ ಬರೆದೆ. ಕೊನೆಯ ಚರಣ. ಐದು ದಿನ ಹಿಡಿಯಿತು. ಬೇರೆಯವರ ತಾಯಂದಿರಿಗೆ ಐದು ನಿಮಿಷ.

ಹರಿತವೇ ಇರಬಹುದು ನಾಲಿಗೆ, ಒಳಗೆ ಬೆಣ್ಣೆಯ ಮನಸು,
ನಮ್ಮ …… ಇಲ್ಲದ ಮನೆಯು ಉಪ್ಪಿಲ್ಲದ ತಿನಿಸು.

ಕೇಳಿದರೆ ಮೈ ಜುಮ್ಮೆನ್ನುವಷ್ಟು ಹಳಸಲು. ಆದರೂ ಕಳಿಸಿ, ಕಿಟಕಿ ಹತ್ತಿರ ಕೂತು, ಪರೀಕ್ಷೆ ಬರೆದ ಹುಡುಗಿಯ ಹಾಗೆ ಕಾದೆ.

ಮೇ 2

‘ಸೊಗಸಾಗಿದೆ. ಆದರೆ ನಿಜವಲ್ಲ. ಬೆಣ್ಣೆ ತೆಗೆಯಿರಿ. ಕೊನೆಯ ಚರಣವೇ ಬೇಡ.’

ಓಲುಫ್ ಬರೆದ: ‘ಕೊನೆಯ ಚರಣವಿಲ್ಲದ ಹಾಡು ಹಾಡಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ.’

‘ಗೊತ್ತಾಗಲಿ.’

ಮೇ 5

ಐದು ಸ್ಟಾರ್. ‘ಓಲುಫ್‌ಗೆ ಆ ಹೆಂಗಸು ಒಳಗಿನಿಂದ ಗೊತ್ತಿದ್ದಂತಿತ್ತು.’

ಮೇ 12

ಐನರ್ ಮೆಟ್ಟಿಲು ಹತ್ತಿ ಬಂದ. ಏದುಸಿರು. ಕೈಯಲ್ಲಿ ಹಾಡಿನ ಹಾಳೆ. ಮಾರೆನ್ ಅಭ್ಯಾಸಕ್ಕೆಂದು ಕಳಿಸಿದ್ದಾಳೆ. ಖಾಲಿ ಬಿಟ್ಟಲ್ಲೆಲ್ಲ ಈಗ ‘ಬೋಡಿಲ್’.

“ಇದು ನೀನೇ ಕಟ್ಟಿದ್ದು. ನಾನೇ ಬಾರಿಸಿ ನೋಡಿದೀನಿ, ಚೀಟಿ-ಭೇಟಿ. ಅಯ್ಯೋ ದೇವ್ರೆ, ಬೋಡಿಲ್! ನಿನ್ ಮೇಲೆ ನೀನೇ?”

“ಕೆಲ್ಸ ಬಂತು, ಮಾಡ್ದೆ.”

“ಮಗ್ಳಿಗೆ ಹೇಳ್ಬಿಡು. ಫೋನ್ ತಗೋ, ಈಗ್ಲೇ.”

“ಬಾಯಿ ಬಿಟ್ಟೆ ಅಂದ್ರೆ ನಿನ್ನ ಪೆಟ್ಟಿಗೇನ ಕಿಟಕಿಯಿಂದ ಎಸೀತೀನಿ.”

ಅವನು ಹಾಳೆ ತಿರುಗಿಸಿ ತಿರುಗಿಸಿ ನೋಡಿದ. “ಕೊನೇದು ಎಲ್ಲಿ?”

“ಇಲ್ಲ.”

ಐನರ್ ಹಾಳೆ ಮಡಚಿ ಜೇಬಿಗಿಟ್ಟ. ಆಮೇಲೆ, ಧಾಟಿಯನ್ನು ಆರು ಸಲ ಬಾರಿಸಬೇಕೋ ಐದು ಸಲವೋ ಎಂದು ಕೇಳಿದ. ಐದು, ಎಂದೆ.

ಮೇ 15

ಅರವತ್ತು. ಐನರ್ ಅಂಗಳದಲ್ಲಿ ಬಾವುಟ ಏರಿಸಿದ್ದ. ಬೇಕರಿಯ ಬನ್ನು ತಂದಿದ್ದ. ಮಾರೆನ್ ಮೆಸೇಜ್: ‘ಹುಟ್ಟುಹಬ್ಬದ ಶುಭಾಶಯ. ಶನಿವಾರ ಸಿಗೋಣ.’ ಕಾಗುಣಿತ ಸರಿಯಾಗಿತ್ತು.

ಮೇ 18, ಭಾನುವಾರ, ಬೆಳಗ್ಗೆ

ನಿನ್ನೆಯದು. ಬೇಗ ಬೇಗ ಬರೆಯುತ್ತೇನೆ.

ಭವನ ತುಂಬಿತ್ತು. ಮೇಜಿನ ತುಂಬ ಪುಟ್ಟ ಬಾವುಟಗಳು. ಮಾರೆನ್ ಹಸಿರು ಉಡುಪು, ಕೂದಲು ಗಿಡ್ಡ. ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು, ಗಾಳಿಗೆ ತಾಗಿಸಿದ ಹಾಗೆ. ಗ್ರೇವಿ ಗಟ್ಟಿಯಾಗಿತ್ತು. ಚಮಚ ನಿಲ್ಲುವಷ್ಟು.

ಊಟದ ನಡುವೆ ಯಾವನೋ ಕುಡಿದವನು ನೆಲಕ್ಕೆ ಕಾಲು ಬಡಿಯತೊಡಗಿದ, ಎಲ್ಲರೂ ಶುರು ಮಾಡಿದರು. ಕಾಲು ಬಡಿದರೆ ಜೋಡಿಗಳು ಮೇಜಿನ ಕೆಳಗೆ ಹೋಗಿ ಮುತ್ತು ಕೊಡಬೇಕು. ಬಡಿದಾದ ಮೇಲೆ ನೆನಪಾಯಿತು ಅವರಿಗೆ, ನನಗೆ ಕೊಡಲು ಯಾರೂ ಇಲ್ಲ ಅಂತ. ಶಬ್ದ ಒಂದೊಂದೇ ಕಾಲಾಗಿ ನಿಂತಿತು. ಮಾರೆನ್ ನೀರು ಕುಡಿದಳು.

ಆಮೇಲೆ ಅವಳೇ ಎದ್ದು ಹಾಳೆ ಹಂಚಿದಳು. “ಅಮ್ಮನ್ ಮೇಲೆ ಒಂದು ಹಾಡು. ನಾನ್ ಬರೆದಿದ್ದಲ್ಲ, ನಂಗೆ ಬರಲ್ಲ. ಓಲುಫ್ ಬ್ರಾಂಟ್ ಅಂತ, ತುಂಬಾ ದೊಡ್ಡ ಹೆಸರಂತೆ.” ನನಗೂ ಒಂದು ಹಾಳೆ ಕೊಟ್ಟಳು. ಮೇಲೆ ನನ್ನ ಹೆಸರು, ಕೆಳಗೆ ನನ್ನ ಹೆಸರು, ಎರಡೂ ಬೇರೆ ಬೇರೆ.

ಹಾಡಿದರು. ಐವತ್ತು ಗಂಟಲು. ಚೀಟಿಗೆ ನಕ್ಕರು, ಕಾರ್ಡುಗಳಿಗೆ ನಕ್ಕರು. ಕಾರ್ಡು ವಾಪಸು ಬಂದವರು ಜೋರಾಗಿ ನಕ್ಕರು. ‘ಇಲ್ಲ’ ಎಂದೇ ಬರೆದಳು ಎಂಬಲ್ಲಿ ನನ್ನ ಹಳೆಯ ಮೇಲಧಿಕಾರಿ ಮೇಜು ಗುದ್ದಿದ. ನಾನೂ ಹಾಡಿದೆ. ಹಾಡದಿದ್ದರೆ ಸಿಟ್ಟಾಗಿದ್ದಾಳೆ ಎನ್ನುತ್ತಾರೆ. ಮೆಣಸು ಬಂತು. ಎಲ್ಲರೂ ಮಾರೆನ್ ಕಡೆ ತಿರುಗಿ, ಅವಳನ್ನು ತೋರಿಸುತ್ತ, ತೊಡೆ ತಟ್ಟಿಕೊಂಡು ಹಾಡಿದರು. ಅವಳು ನಗುತ್ತಿದ್ದಳು, ಪದಪದವೂ ಹಾಡುತ್ತಿದ್ದಳು. ಅಲ್ಲಿ ಆ ಹೊತ್ತು ನನಗೊಬ್ಬಳಿಗೇ ಗೊತ್ತಿತ್ತು ಅವಳು ಏನು ಹಾಡುತ್ತಿದ್ದಾಳೆ ಅಂತ. ನನ್ನ ಬಾಯಿಯೂ ಆಡುತ್ತಿತ್ತು. ಪ್ರಾಸ ಬರೆದವಳು ನಾನು, ಬಿಡಲಾಗಲಿಲ್ಲ.

ಐದನೆಯದು ಮುಗಿಯಿತು. ಜನ ಹಾಳೆ ತಿರುಗಿಸಿದರು. ಹಿಂದೆ ಬಿಳಿ.

“ಕೊನೇದು ಪ್ರಿಂಟ್ ಆಗಿಲ್ಲ ಕಣೇ ಮಾರೆನ್,” ಎಂದಳು ದೊಡ್ಡಮ್ಮನ ಮಗಳು ಗ್ರೇತೆ.

“ಅಷ್ಟೇ ಇರೋದು,” ಎಂದಳು ಮಾರೆನ್. ನನ್ನನ್ನೇ ನೋಡುತ್ತ.

ಲೋಟ ಎತ್ತಿದ ಕೈಗಳು ಅರ್ಧಕ್ಕೆ ನಿಂತವು. ಹುರ್ರಾ ಕೂಗಬೇಕೋ ಬೇಡವೋ. ಯಾರೋ ಕೆಮ್ಮಿದರು. ನನಗೆ ಬಂದ ಮೊದಲ ಯೋಚನೆ, ದೇವರಾಣೆ: ಎಂಥ ಮುಕ್ತಾಯ. ನನ್ನ ಮಗಳೇ.

ಆಗ ಐನರ್, ಆ ಕತ್ತೆ, ಆರನೆಯ ಸಲಕ್ಕೆ ಧಾಟಿ ಎತ್ತಿದ. ನನ್ನ ಕಡೆ ನೋಡಲಿಲ್ಲ, ಪೆಟ್ಟಿಗೆ ನೋಡುತ್ತ ಬಾರಿಸಿದ. ಎದ್ದೆ. ಹಾಡಿದೆ. ಒಬ್ಬಳೇ.

ಹರಿತವೇ ಇರಬಹುದು ನಾಲಿಗೆ, ಒಳಗೆ ಬೆಣ್ಣೆಯ ಮನಸು —

ಮಾರೆನ್ ತಲೆ ಎತ್ತಿದಳು. ಆ ಸಾಲು ಓದಿದವರು ಪ್ರಪಂಚದಲ್ಲಿ ಇಬ್ಬರೇ. ಅವಳ ಮುಖದಲ್ಲಿ ಒಂದೊಂದಾಗಿ ಎಲ್ಲ ಬಂತು: ಓಲುಫ್, ಚೀಟಿ, ಅವಳು ಓಲುಫ್‌ಗೆ ಬರೆದದ್ದು, ಏಪ್ರಿಲ್ ಹತ್ತರದ್ದು. ಅಲ್ಲಿಗೆ ಬಂದಾಗ ಅವಳ ಕೈ ಬಾಯಿಗೆ ಹೋಯಿತು. ಮುಂದಿನ ಸಾಲು ನಾನು ಬದಲಾಯಿಸಿದೆ. ಮೊದಲೇ ಯೋಚಿಸಿರಲಿಲ್ಲ, ನಿಂತಲ್ಲೇ ಬಂತು.

ಜ್ವರದ ಮಗುವಿನ ಮಂಚದ ಬಳಿ ಕೂತು ಡ್ರ್ಯಾಗನ್‌ಗೆ ಬರೆದಳು:
‘ಬೆಂಕಿಯ ಅರ್ಜಿ ತಿರಸ್ಕೃತ’ ಎಂದು. ಮಗಳು ನಕ್ಕು ಮಲಗಿದಳು.

ಮೊದಲ ಸಾಲಿಗೆ ಜೊತೆಯಿಲ್ಲ, ಪ್ರಾಸ ಅನಾಥ. ಯಾರಿಗೂ ಅರ್ಥವಾಗಲಿಲ್ಲ. ಗ್ರೇತೆ ಹುರ್ರಾ ಎಂದಳು, ಎಲ್ಲರೂ ಕೂಗಿದರು, ಗಿಡ್ಡ ಮೂರು, ಉದ್ದ ಒಂದು. ಹುರ್ರಾ ಮುಗಿಯುವಷ್ಟರಲ್ಲಿ ಮಾರೆನ್ ಕುರ್ಚಿ ಖಾಲಿ. ಕೋಟು ಹಾಕುವಲ್ಲಿ ಸಿಕ್ಕಿದಳು. ಹಿಂದೆಯೇ ಹೋಗಿದ್ದೆ.

“ನೀನಾ,” ಅಂದಳು.

“ಹೂಂ.”

“ಅವತ್ತು ಫೋನ್ ಮಾಡ್ದಾಗ ನಿಂಗೆ ಗೊತ್ತಿತ್ತು.”

“ಹೂಂ.”

“ಗೊತ್ತಿದ್ದೂ ‘ಮತ್ತೆ ಒಬ್ಳೇನಾ’ ಅಂದೆ.”

ಅವಳ ಕೋಟು ತೆಗೆದು ಕೊಟ್ಟೆ. ಮೂವತ್ತು ವರ್ಷ ಜನರಿಗೆ ಉತ್ತರ ಬರೆದವಳು.

“ಓಲುಫ್ ಒಳ್ಳೆಯವನಿದ್ದ ಅಮ್ಮಾ,” ಅಂದಳು. “ಅವನು ಕೇಳ್ತಿದ್ದ.” ಕೋಟಿನ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡು ಹೊರಟಳು. ಹೋಟೆಲ್‌ನಲ್ಲಿ ಇಳಿದಿದ್ದಾಳೆ, ನಮ್ಮ ಮನೆಯಲ್ಲಲ್ಲ.

ಒಳಗೆ ಬಂದು ಕೇಕು ಕತ್ತರಿಸಿದೆ.

ಅದೇ ದಿನ, ಮಧ್ಯಾಹ್ನ

ಮಾರೆನ್ ಬೆಳಗಿನ ರೈಲಿಗೇ ಹೋದಳಂತೆ. ಐನರ್ ಸ್ಟೇಷನ್ನಿನವರೆಗೆ ಅವಳ ಚೀಲ ಹೊತ್ತನಂತೆ. ನನಗೆ ಹೇಳದೆ. “ಏನಾದ್ರೂ ಅಂದ್ಳಾ?” “ಇಲ್ಲ. ಹಾಡು ಚೆನ್ನಾಗ್ ಬಾರ್ಸಿದ್ರಿ ಅಂದ್ಳು.”

ಈಗಷ್ಟೆ ಲ್ಯಾಪ್‌ಟಾಪ್ ತೆರೆದೆ. ಸುಮ್ಮನೆ, ಅಭ್ಯಾಸ. ಸ್ಟುಡಿಯೊ ನೋರ್. ಓಲುಫ್‌ಗೆ ಒಂದು ಮೆಸೇಜ್:

‘ಮಾನ್ಯ ಓಲುಫ್ ಬ್ರಾಂಟ್ ಅವರೆ, ಒಂದು ಒಳ್ಳೆಯ ಸಂಗತಿ ಕೋರಿ ತಾವು ಸಲ್ಲಿಸಿದ ಅರ್ಜಿಯನ್ನು, ಪರಿಶೀಲಿಸಲಾಗಿದೆ. ಬೆಣ್ಣೆಯ ಮನಸ್ಸು: ತಿರಸ್ಕೃತ. ಹುಟ್ಟುಹಬ್ಬಕ್ಕೆ ಮತ್ತೆ ಬರುವುದು: ತಿರಸ್ಕೃತ. ಬರವಣಿಗೆ: ಕೆಟ್ಟದ್ದೇನಲ್ಲ.’

ಡ್ರ್ಯಾಗನ್ ನೆನಪಿದೆ ಅವಳಿಗೆ. ಮೊದಲಿನಿಂದಲೂ ಇತ್ತೋ, ನಿನ್ನೆ ಬಂತೋ.

‘ಅರ್ಜಿಯನ್ನು’ ಆದ ಮೇಲೆ ಅಲ್ಪವಿರಾಮ ಬೇಕಿಲ್ಲ. ತಿದ್ದಲಿಲ್ಲ.

ಕೆಟ್ಟದ್ದೇನಲ್ಲ. ಮಾರೆನ್ ಕೋಪನ್‌ಹೇಗನ್ ಸೇರಿ ಎಷ್ಟೋ ವರ್ಷವಾಯಿತು, ಅಲ್ಲಿಯವರ ಹಾಗೇ ಮಾತಾಡುತ್ತಾಳೆ. ಆದರೆ ಹುಟ್ಟಿದ್ದು ಇಲ್ಲಿ, ತೊಟ್ಟಿಲಲ್ಲಿ ಕೇಳಿದ ಮೊದಲ ಮಾತು ಅದು. ಮೆಸೇಜ್ ಬಂದದ್ದು ಹತ್ತೂಮುಕ್ಕಾಲಿಗೆ, ರೈಲಿನಿಂದ. ಆ ಹೊತ್ತಿಗೆ ರೈಲು ಸೇತುವೆ ದಾಟಿತ್ತೋ, ಇನ್ನೂ ನಮ್ಮ ಕಡೆಯೇ ಇತ್ತೋ? ವೇಳಾಪಟ್ಟಿ ತೆಗೆದಿಟ್ಟುಕೊಂಡಿದ್ದೇನೆ. ಬೆಳಗಿನ ರೈಲು ತಡವಾಗಿ ಹೊರಟಿತು ಎನ್ನುತ್ತಾನೆ ಐನರ್. ತಡವಾಗಿದ್ದರೆ ಇನ್ನೂ ದಾಟಿರಲಿಕ್ಕಿಲ್ಲ. ದಾಟಿರದಿದ್ದರೆ —